ಬೆನ್ನಿನ ರೆಕ್ಕೆಯಲ್ಲಿ ಕಪ್ಪಿದೆಯೇ ನೋಡಿ

ಕೆನಡಾ ದೇಶದ ಆಲ್ಬರ್ಟಾ ಪ್ರಾಂತ್ಯದಲ್ಲಿ ಬುಲ್ ಟ್ರೌಟ್ ಎಂಬ ಮೀನು ಗಾಳಕ್ಕೆ ಬಿದ್ದರೆ ಅದನ್ನು ಮರಳಿ ನೀರಿಗೆ ಬಿಡಲೇಬೇಕು ಎಂಬ ಕಾನೂನು ಮುನಿರಾಬಾದಿನ ನಮ್ಮ ಓಣಿಯಲ್ಲಿ ಈಗ ಸಣ್ಣ ಹುಡುಗರಿಗೂ ಗೊತ್ತಿದೆ. ಹೆಲ್ಮೆಟ್ಟಿನ ಕಾನೂನು ಇಷ್ಟು ಚೆನ್ನಾಗಿ ಗೊತ್ತಿರುವಂತೆ ಕಾಣುವುದಿಲ್ಲ. ತುಂಗಭದ್ರೆಯ ಅಣೆಕಟ್ಟಿನ ಬುಡದಲ್ಲಿ ಹುಟ್ಟಿ ಬೆಳೆದು, ಗೇಟು ತೆರೆದಾಗ ಏಳುವ ನೀರಿನ ಹೊಗೆಯನ್ನು ನೋಡಲು ಹೋಗುವುದೇ ದೊಡ್ಡ ಪ್ರವಾಸವೆಂದು ತಿಳಿದಿದ್ದ ನಾವೆಲ್ಲ, ಹಿಮದ ನೀರಿನಲ್ಲಿ ಬದುಕುವ ಒಂದು ಮೀನಿನ ಬೆನ್ನಿನ ರೆಕ್ಕೆಯ ಬಣ್ಣದ ಬಗ್ಗೆ ಗಂಟಲು ಹರಿದುಕೊಳ್ಳುವಂತಾದುದಕ್ಕೆ ಗಂಗಾವತಿಯ ನನ್ನ ಅಕ್ಕನ ಮಗನೇ ಕಾರಣ.

ಅವನು ಕ್ಯಾಲ್ಗರಿಯಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಾನೆ. ಚಳಿಗಾಲದಲ್ಲಿ ಹಿಮ ಬಾಚುತ್ತಾನೆ, ಬೇಸಿಗೆಯಲ್ಲಿ ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ನಿಲ್ಲುತ್ತಾನೆ. ಅಲ್ಲಿಗೂ ನಮಗೂ ಬೇಸಿಗೆಯಲ್ಲಿ ಹನ್ನೊಂದೂವರೆ ತಾಸಿನ ಅಂತರವಿರುವುದರಿಂದ ಅವನ ಸಂಜೆಯ ಸಾಹಸಗಳೆಲ್ಲ ನಮಗೆ ಬೆಳಗಿನ ಚಹಾದ ಜೊತೆಗೆ ಬಂದು ತಲುಪುತ್ತವೆ. ಅಂದು ಬಂದದ್ದು ಒಂದು ಮೀನಿನ ಚಿತ್ರ. ಕಲ್ಲುಗಳ ನಡುವಿನ ತಿಳಿನೀರಿನಲ್ಲಿ, ಒದ್ದೆ ಕೈಯ ಮೇಲೆ ಅರ್ಧ ಮುಳುಗಿದಂತೆ ಮಲಗಿದ್ದ ಆ ಮೀನು ಹಸಿರು ಬೆರೆತ ಬೂದು ಬಣ್ಣದ್ದಾಗಿತ್ತು. ಮೈತುಂಬ ತೆಳು ಹಳದಿ ಮತ್ತು ಕಿತ್ತಳೆಯ ಚುಕ್ಕೆಗಳಿದ್ದವು. ಹೊಟ್ಟೆಯ ಕೆಳಗಿನ ರೆಕ್ಕೆಗಳ ಅಂಚಿಗೆ ಯಾರೋ ಸುಣ್ಣದ ಗೆರೆ ಎಳೆದಂತೆ ಬಿಳಿ ಪಟ್ಟಿ ಇತ್ತು. ಚಿತ್ರದ ಕೆಳಗೆ ಅವನು ಬರೆದಿದ್ದ: “ರೇನ್‌ಬೋ ಟ್ರೌಟ್ ಬೀಳುತ್ತದೆ ಅಂತ ಕೂತಿದ್ದೆ, ಇದು ಬಿತ್ತು. ಇದು ಯಾವುದು, ಹೇಳಿ ನೋಡೋಣ?”

ಕುಟುಂಬದ ಗುಂಪಿನಲ್ಲಿ ಇಂಥ ಪ್ರಶ್ನೆ ಹಾಕುವವನು ಉತ್ತರ ಬಲ್ಲವನಾಗಿರುತ್ತಾನೆ ಎಂಬ ಸಣ್ಣ ಸಂಶಯ ಒಬ್ಬರಿಗಾದರೂ ಬರಬೇಕಿತ್ತು. ಬರಲಿಲ್ಲ. ಹೊಳೆಯ ದಂಡೆಯವರು ಎಂಬ ಹೆಮ್ಮೆ ನಮ್ಮನ್ನು ನೇರವಾಗಿ ತೀರ್ಪಿಗೆ ಎಳೆದೊಯ್ದಿತು. ಸಿಂಧನೂರಿನ ಭಾವನವರು ಅದನ್ನು ಬಾಳೆಮೀನಿನ ಮರಿಯೆಂದು ಘೋಷಿಸಿದರು. ಬಾಳೆಮೀನಿಗೆ ಮೀಸೆ ಇರುತ್ತದೆ, ಇದಕ್ಕೆ ಇಲ್ಲವಲ್ಲ ಎಂದು ಯಾರೋ ಆಕ್ಷೇಪಿಸಿದಾಗ, ಮರಿಗೆ ಮೀಸೆ ಎಲ್ಲಿಂದ ಬರಬೇಕು ಎಂದು ಕೇಳಿ ಬಾಯಿ ಮುಚ್ಚಿಸಿದರು. ನನ್ನ ಮನೆಯಾಕೆ ಕನ್ನಡಕ ಏರಿಸಿ ನೋಡಿ, ಮೈಮೇಲೆ ಇಷ್ಟು ಕಲೆಗಳಿರುವ ಮೀನು ರೋಗದ ಮೀನೇ ಸರಿ, ಹುಡುಗ ಮುಟ್ಟಿದ್ದೇ ತಪ್ಪು, ಮೊದಲು ಸಾಬೂನಿನಿಂದ ಕೈ ತೊಳೆದುಕೊಳ್ಳಲಿ ಎಂದಳು. ಅಕ್ಕ ಮಾತ್ರ ಜಾತಿ ಕುಲ ವಿಚಾರಿಸುವ ಗೋಜಿಗೆ ಹೋಗದೆ, ಆ ಊರಿನಲ್ಲಿ ಹಳೆಯ ಹುಣಸೆಹಣ್ಣು ಸಿಗುತ್ತದೆಯೇ, ಸಿಗದಿದ್ದರೆ ಟೊಮೆಟೊದಲ್ಲಿಯೇ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಉದ್ದದ ಧ್ವನಿಸಂದೇಶದಲ್ಲಿ ವಿವರಿಸಿದಳು. ಆ ಸಂದೇಶದ ಕೊನೆಯಲ್ಲಿ ಕುಕ್ಕರಿನ ಸೀಟಿಯೂ ಕೇಳಿಸಿತು.

ನಾನು ಫೋನನ್ನು ಹಿಡಿದು ಸಂತೆಯಲ್ಲಿ ಮೀನು ಮಾರುವ ಅವ್ವನ ಬಳಿಗೆ ಹೋದೆ. ಕಾಟ್ಲಾ, ರೋಹು, ಕುಚ್ಚು, ಗಿರ್ಲು, ಜಿಲೇಬಿ ಎಲ್ಲವನ್ನೂ ಕಣ್ಣು ಮುಚ್ಚಿ ಕೈಯಲ್ಲೇ ಗುರುತಿಸುವ ಹೆಂಗಸು ಆಕೆ. ಸೆರಗಿನಿಂದ ಬೆರಳು ಒರೆಸಿಕೊಂಡು ಚಿತ್ರವನ್ನು ದೊಡ್ಡದು ಮಾಡಿ, ತಲೆಯಿಂದ ಬಾಲದವರೆಗೆ ಎಳೆದು ನೋಡಿ, “ಇದಕ ಹುರುಪಿನ ಕಾಣವಲ್ಲದಲ್ರೀ” ಎಂದಳು. ಅಷ್ಟು ಜನ ನೋಡಿದ್ದ ಚಿತ್ರದಲ್ಲಿ ಆ ಸಂಗತಿಯನ್ನು ಹಿಡಿದವಳು ಅವಳೊಬ್ಬಳೇ. ಟ್ರೌಟ್ ಜಾತಿಯ ಮೀನುಗಳ ಹುರುಪೆ, ಅಂದರೆ ಮೈಮೇಲಿನ ಚಿಪ್ಪು, ಬಹಳ ಸಣ್ಣದು, ದೂರದಿಂದ ಮೈ ಬರಿದಾಗಿಯೇ ಕಾಣುತ್ತದೆ. ಆಮೇಲೆ ಆಕೆ, ಕಿಲೋ ಎಷ್ಟು ಎಂದು ಕೇಳಿದಳು. ಇದು ಕೆನಡಾದಲ್ಲಿದೆ ಎಂದೆ. ಹಾಗಾದರೆ ಇಲ್ಲಿ ನಿಂತು ಗಿರಾಕಿಗಳಿಗೆ ಅಡ್ಡವಾಗಬೇಡಿ ಎಂದಳು.

ಕೊನೆಗೆ ವಿಷಯ ಹೋದದ್ದು ನಮ್ಮ ಹಿಂದಿನ ಸಾಲಿನಲ್ಲಿರುವ, ಪ್ರಾಣಿಶಾಸ್ತ್ರ ಬೋಧಿಸಿ ನಿವೃತ್ತರಾದ ಸರ್ ಅವರ ಬಳಿಗೆ. ಅವರು ಅಪ್ಪಟ ಸಸ್ಯಾಹಾರಿಗಳು. ಮೀನಿನೊಡನೆ ಅವರ ಒಡನಾಟವೆಲ್ಲ ಫಾರ್ಮಲಿನ್ ತುಂಬಿದ ಗಾಜಿನ ಜಾಡಿಯ ಮೂಲಕವೇ ನಡೆದದ್ದು. ಆದ್ದರಿಂದಲೇ ಅವರಿಗೆ ನಮ್ಮಂತೆ ಸಾರಿನ ಯೋಚನೆ ನಡುವೆ ಬಂದು ಬುದ್ಧಿ ಮಂಕಾಗುವುದಿಲ್ಲ. ಅವರು ಮೊದಲು ತೋರಿಸಿದ್ದು ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಇದ್ದ, ಕಡ್ಡಿಗಳಿಲ್ಲದ, ಮೆತ್ತನೆಯ ಪುಟ್ಟ ರೆಕ್ಕೆಯನ್ನು. ಅದು ಕೊಬ್ಬಿನ ರೆಕ್ಕೆ, ಸಾಲ್ಮನ್ ಮತ್ತು ಟ್ರೌಟ್ ಕುಟುಂಬದ ಗುರುತು ಎಂದರು. ಅಷ್ಟರಲ್ಲಿ ಪಕ್ಕದ ಮನೆಯ ಗಾಳದ ಕಾಕಾ (ಇವರ ವಿಚಾರ ಮುಂದೆ ಬರುತ್ತದೆ) ತಟ್ಟನೆ, ಅಂಥ ರೆಕ್ಕೆ ನಮ್ಮ ಗಿರ್ಲಿಗೂ ಇದೆಯಲ್ಲ, ಹಾಗಾದರೆ ಗಿರ್ಲೂ ಟ್ರೌಟೇ ಎಂದು ಕೇಳಿದರು. ಸರ್ ಅವರಿಗೆ ಆ ಪ್ರಶ್ನೆಯಿಂದಾದ ಸಂತೋಷವನ್ನು ಹೇಳತೀರದು. ಇಷ್ಟು ವರ್ಷಗಳ ಬೋಧನೆಯಲ್ಲಿ ಯಾವ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ ಎಂದು, ಮೀಸೆಯ ಮೀನುಗಳಲ್ಲಿ ಹಲವಕ್ಕೆ ಆ ರೆಕ್ಕೆ ಇರುವುದು ನಿಜವೆಂದೂ, ಒಂದೇ ಗುರುತನ್ನು ನಂಬಿ ಮೀನಿನ ಹೆಸರು ಹೇಳಬಾರದೆಂದೂ ವಿವರಿಸಿ, ಕಾಕಾ ಅವರಿಗೆ ಚಹಾ ತರಿಸಿದರು. ನನಗೆ ತರಿಸಲಿಲ್ಲ.

ಸರ್ ಹೇಳಿದ ಮುಖ್ಯ ಮಾತು ಇದು. ತೆಳುಬಣ್ಣದ ಮೈಮೇಲೆ ಗಾಢವಾದ ಚುಕ್ಕೆಗಳಿದ್ದರೆ ಅದು ನಿಜವಾದ ಟ್ರೌಟ್. ಗಾಢವಾದ ಮೈಮೇಲೆ ತೆಳುಬಣ್ಣದ ಚುಕ್ಕೆಗಳಿದ್ದರೆ ಅದು ಚಾರ್ ಎಂಬ ಹತ್ತಿರದ ಬಳಗ, ಹೆಸರಿನಲ್ಲಿ ಟ್ರೌಟ್ ಎಂದಿದ್ದರೂ ಸರಿಯೇ. ರೇನ್‌ಬೋ ಮೀನಿಗೆ ಕಪ್ಪು ಚುಕ್ಕೆಗಳು ಬಾಲದ ತುದಿಯವರೆಗೂ ಸಾಲುಗಟ್ಟಿರುತ್ತವೆ, ಪಕ್ಕೆಯಲ್ಲಿ ಗುಲಾಬಿ ಪಟ್ಟಿ ಇರುತ್ತದೆ. ಬ್ರೌನ್ ಮೀನಿಗೆ ಕಪ್ಪು ಚುಕ್ಕೆಗಳ ಜೊತೆಗೆ ಕೆಂಪು ಚುಕ್ಕೆಗಳಿದ್ದು, ಸುತ್ತ ತೆಳು ಬಳೆಯಿರುತ್ತದೆ. ಕಟ್‌ಥ್ರೋಟ್ ಮೀನಿನ ದವಡೆಯ ಕೆಳಗೆ ಕುಂಕುಮದ ಗೆರೆ ಕಾಣುತ್ತದೆ. ನಮ್ಮ ಹುಡುಗನ ಕೈಯಲ್ಲಿದ್ದುದು ಇವು ಯಾವುದೂ ಅಲ್ಲ, ಅದು ಚಾರ್. ಆ ಸೀಮೆಯ ಹೊಳೆಗಳಲ್ಲಿ ಸಾಮಾನ್ಯವಾಗಿ ಗಾಳಕ್ಕೆ ಬೀಳುವ ಚಾರ್ ಎರಡು: ಬ್ರುಕ್ ಮತ್ತು ಬುಲ್. ಬ್ರುಕ್ ಮೀನಿನ ಬೆನ್ನಿನ ರೆಕ್ಕೆಯ ಮೇಲೆ ಹುಳು ಹರಿದಂಥ ಕಪ್ಪು ಗೆರೆಗಳಿರುತ್ತವೆ, ಬುಲ್ ಮೀನಿನ ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಎಂಬುದೇ ಇರುವುದಿಲ್ಲ. ಬ್ರುಕ್ ಹೊರಗಿನಿಂದ ತಂದು ಬಿಟ್ಟದ್ದು. ಬುಲ್ ಅಲ್ಲಿಯದೇ ಮೂಲನಿವಾಸಿ, ಈಗ ಸಂಖ್ಯೆ ಕುಗ್ಗಿ ಅಪಾಯದಲ್ಲಿದೆ. ಕಪ್ಪಿಲ್ಲದಿದ್ದರೆ ಮರಳಿ ನೀರಿಗೆ ಬಿಡು ಎಂಬ ಅರ್ಥದ ಇಂಗ್ಲಿಷ್ ಪ್ರಾಸದ ಮಾತನ್ನೇ ಅಲ್ಲಿನ ಸರ್ಕಾರ ಗಾಳದವರಿಗೆ ಬಾಯಿಪಾಠ ಮಾಡಿಸಿದೆ.

ಈಗ ಎಲ್ಲರ ದೃಷ್ಟಿಯೂ ಬೆನ್ನಿನ ರೆಕ್ಕೆಯ ಮೇಲೆ ನೆಟ್ಟಿತು. ದುರದೃಷ್ಟಕ್ಕೆ ಚಿತ್ರದಲ್ಲಿ ಆ ರೆಕ್ಕೆ ಮಡಚಿಕೊಂಡಿತ್ತು, ಅದರ ಮೇಲೆ ನಮ್ಮ ಹುಡುಗನ ಹೆಬ್ಬೆರಳಿನ ನೆರಳೂ ಬಿದ್ದಿತ್ತು. ಅದು ಕಪ್ಪೋ ನೆರಳೋ ಎಂಬುದರ ಮೇಲೆ ಓಣಿ ಎರಡು ಪಕ್ಷವಾಯಿತು. ಮೀನು ಹೊರಗಿದ್ದಷ್ಟೂ ಹೊತ್ತು ಸಾಯುತ್ತಿದೆ ಎಂಬ ಆತಂಕ ಒಂದೆಡೆ, ಕಾನೂನಿನ ಮೀನನ್ನು ತಿಂದು ಹುಡುಗನ ಕೆಲಸಕ್ಕೇ ಕುತ್ತು ಬಂದೀತೆಂಬ ಅಕ್ಕನ ಭಯ ಇನ್ನೊಂದೆಡೆ. ಹುಣಸೆಹಣ್ಣಿನ ಸಂದೇಶವನ್ನು ಅವಳು ಅಳಿಸಿ ಹಾಕಿದಳು. ಕೆನಡಾ ಪೊಲೀಸರ ಕೈಗೆ ಅದು ಸಾಕ್ಷಿಯಾಗಿ ಸಿಗಬಾರದಂತೆ. “ಬಿಡು, ಬಿಡು, ಮೊದಲು ಬಿಡು” ಎಂಬ ಸಂದೇಶಗಳು ಮುನಿರಾಬಾದ್, ಗಂಗಾವತಿ, ಸಿಂಧನೂರುಗಳಿಂದ ಒಟ್ಟಿಗೇ ಹೊರಟವು.

ಅವನ ಉತ್ತರ ಬಂದದ್ದು ನಾವೆಲ್ಲ ಎರಡನೆಯ ಸುತ್ತಿನ ಚಹಾ ಮುಗಿಸಿದ ಮೇಲೆ. ಹೊಳೆಯ ಬಳಿ ಸಿಗ್ನಲ್ ಇರುವುದಿಲ್ಲವಂತೆ. ಚಿತ್ರ ನಮಗೆ ಬಂದದ್ದೇ ಅವನು ಹೆದ್ದಾರಿಗೆ ಬಂದ ನಂತರ. ಮೀನನ್ನು ನೀರಿನಿಂದ ಪೂರ್ತಿ ಎತ್ತದೆ, ಮೈಮೇಲಿನ ಲೋಳೆ ಹೋಗದಂತೆ ಕೈ ಒದ್ದೆ ಮಾಡಿಕೊಂಡು, ಗಾಳ ಬಿಡಿಸಿ, ರೆಕ್ಕೆ ನೋಡಿ, ಬುಲ್ ಎಂದು ತಿಳಿದು, ಒಂದು ಚಿತ್ರ ತೆಗೆದು ಆಗಲೇ ಬಿಟ್ಟುಬಿಟ್ಟಿದ್ದ. ನಾವು ಮೂರು ಊರಿನವರು ಸೇರಿ ಉಳಿಸಲು ಹೆಣಗುತ್ತಿದ್ದ ಮೀನು ಅಷ್ಟು ಹೊತ್ತಿಗೆ ಬೇರೊಂದು ಮೀನನ್ನು ನುಂಗಿ ನಿದ್ದೆ ಮಾಡಿರಬೇಕು. ಗುರುತು ಸಿಗದಿದ್ದರೂ ಬಿಡಲೇಬೇಕು, ಯಾವ ಮೀನೆಂದು ತಿಳಿಯದೆ ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ ಎಂದೂ ಅವನು ಬರೆದ. ಅಕ್ಕನಿಗೆ ಸಮಾಧಾನವಾಯಿತು. ಭಾವನವರು ಮಾತ್ರ ಇಂದಿಗೂ ಅದು ಬಾಳೆಮೀನಿನ ಮರಿಯೆಂದೇ ನಂಬಿದ್ದಾರೆ.

ವಿಷಯ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಸರ್ ಅವರಿಗೆ ನಿವೃತ್ತಿಯ ನಂತರ ಸಿಕ್ಕ ಮೊದಲ ತರಗತಿ ಇದು, ಸುಲಭದಲ್ಲಿ ಬಿಡುವವರಲ್ಲ. ದಿನಾ ಸಂಜೆ ಕಟ್ಟೆಯ ಮೇಲೆ ಆಲ್ಬರ್ಟಾದ ಕತೆ ಮುಂದುವರಿಯಿತು. ಕ್ಯಾಲ್ಗರಿಯ ಮೂಲಕ ಹರಿಯುವ ಬೋ ನದಿಯಲ್ಲಿ ಈಗ ಹೆಸರುವಾಸಿಯಾದ ಬ್ರೌನ್ ಟ್ರೌಟ್ ಬಂದದ್ದೇ ಒಂದು ವಾಹನ ಕೆಟ್ಟು ನಿಂತದ್ದರಿಂದ ಎಂದು ಅವರು ಹೇಳಿದರು: 1925ರಲ್ಲಿ ಮರಿಗಳನ್ನು ಸಾಗಿಸುತ್ತಿದ್ದ ಟ್ರಕ್ಕು ದಾರಿಯಲ್ಲಿ ಕೆಟ್ಟಿತು, ಮರಿಗಳು ಸಾಯುವುದಕ್ಕಿಂತ ಇದೇ ಮೇಲೆಂದು ಅವನ್ನು ಪಕ್ಕದ ಕ್ಯಾರಟ್ ಕ್ರೀಕ್ ಹೊಳೆಗೆ ಸುರಿದರು, ಅವು ಅಲ್ಲಿಂದ ದೊಡ್ಡ ನದಿ ಸೇರಿದವು. ಲಾರಿ ಕೆಟ್ಟು ನಿಲ್ಲುವ ವಿಷಯದಲ್ಲಿ ಗಂಗಾವತಿ ರಸ್ತೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲವಾದ್ದರಿಂದ ಈ ಕತೆ ಎಲ್ಲರಿಗೂ ಹಿಡಿಸಿತು. ಬುಲ್ ಮೀನನ್ನು ಹಿಂದೆ ಅಲ್ಲಿಯವರೇ ಉಳಿದ ಮೀನುಗಳನ್ನು ತಿಂದು ಹಾಕುವ ಪೀಡೆಯೆಂದು ಕೊಲ್ಲುತ್ತಿದ್ದರಂತೆ. ಆಮೇಲೆ ಅದನ್ನೇ ಪ್ರಾಂತ್ಯದ ಅಧಿಕೃತ ಮೀನೆಂದು ಸಾರಿದರು. ಇದನ್ನು ಕೇಳಿ ಕಾಕಾ, ನಮ್ಮಲ್ಲಿ ಚುನಾವಣೆಯಲ್ಲೂ ಹೀಗೇ ಆಗುತ್ತದೆ ಎಂದರು.

ಒಂದು ಸಂಜೆ ಕಾಕಾ, ಆ ಟ್ರೌಟನ್ನು ನಮ್ಮ ಡ್ಯಾಮಿನಲ್ಲಿಯೂ ಬಿಟ್ಟರೆ ಹೇಗೆ ಎಂದು ಕೇಳಿದರು. ಸರ್ ಬೇಸರಿಸದೆ ವಿವರಿಸಿದರು. ಬ್ರಿಟಿಷರ ಕಾಲದಲ್ಲಿ ಅದನ್ನು ಕಾಶ್ಮೀರಕ್ಕೂ ನೀಲಗಿರಿಗೂ ತಂದು ಬಿಟ್ಟದ್ದು ಅಲ್ಲಿ ನೀರು ತಣ್ಣಗಿರುತ್ತದೆ ಎಂಬ ಒಂದೇ ಕಾರಣಕ್ಕೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಟ್ರೌಟಿಗೋ ಅದು ಹೆಚ್ಚಾಗಿಯೇ ಬೇಕು. ಇಪ್ಪತ್ತು ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಶುರುವಾಗುತ್ತದೆ. ಕೊಪ್ಪಳದ ಏಪ್ರಿಲಿನಲ್ಲಿ ಅದನ್ನು ಬಿಟ್ಟರೆ ಹಿಡಿಯುವುದಕ್ಕೂ ಮೊದಲೇ ಬೆಂದಿರುತ್ತದೆ ಎಂದು ಅಕ್ಕ ಗಂಗಾವತಿಯಿಂದ ಒಪ್ಪಿಗೆ ಸೂಚಿಸಿದಳು.

ಇನ್ನು ಗಾಳದ ಕಾಕಾ. ಇವರು ನೌಕರಿಯಲ್ಲಿದ್ದಾಗ ರಜೆ ಹಾಕಿ, ನಿವೃತ್ತರಾದ ಮೇಲೆ ರಜೆಯ ಹಂಗಿಲ್ಲದೆ ಗಾಳ ಹಾಕಿದವರು. ಎರೆಹುಳುವಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು ಮನೆಯಲ್ಲಿ ದೊಡ್ಡ ಗಲಾಟೆಯಾದುದನ್ನು ಓಣಿ ಮರೆತಿಲ್ಲ. ಕೆನಡಾದ ನಿಯಮಗಳ ಪ್ರಭಾವ ಇವರ ಮೇಲೆ ವಿಪರೀತವಾಯಿತು. ಅಲ್ಲಿ ಪರವಾನಗಿ ಬೇಕು, ಎಷ್ಟೋ ಹೊಳೆಗಳಲ್ಲಿ ಹುಳು ಚುಚ್ಚುವಂತಿಲ್ಲ, ಯಾವ ಹೊಳೆಯಲ್ಲಿ ಯಾವ ಮೀನು ಎಷ್ಟು ಉದ್ದವಿದ್ದರೆ ಇಟ್ಟುಕೊಳ್ಳಬಹುದು ಎಂಬುದಕ್ಕೆ ಪುಸ್ತಕವೇ ಇದೆ ಎಂದು ಕೇಳಿದ ಮೇಲೆ, ಅಂಥ ಶಿಸ್ತು ನಮ್ಮಲ್ಲಿ ಏಕಿರಬಾರದೆಂದು ಅವರು ದರ್ಜಿಯ ಟೇಪೊಂದನ್ನು ಕೊಂಡುತಂದರು. ವಿಚಾರಿಸುತ್ತ ಹೋದಂತೆ ನಮ್ಮಲ್ಲಿಯೂ ಶಿಸ್ತಿಗೇನೂ ಕೊರತೆಯಿಲ್ಲವೆಂದು ಅವರಿಗೆ ತಿಳಿದುಬಂತು. ಜಲಾಶಯದ ಮೀನುಗಾರಿಕೆ ತುಂಗಭದ್ರಾ ಮಂಡಳಿಯ ಸುಪರ್ದಿಯಲ್ಲಿದೆ, ಅಲ್ಲಿ ಬಲೆ ಬೀಸುವವರಿಗೆ ಪರವಾನಗಿ ಬೇಕು. ಅಣೆಕಟ್ಟಿನ ಕೆಳಗೆ ಕಂಪ್ಲಿಯ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದಂತೂ 1897ರ ಕಾಯ್ದೆಯ ಕಾಲದಿಂದಲೇ ಅಪರಾಧ. ಹೊಸ ಕಾನೂನುಗಳಿಗೆ ಹೆದರದಿದ್ದ ಕಾಕಾ ಈ ಕೊನೆಯದರ ಹಿರಿತನಕ್ಕೆ ತಲೆಬಾಗಿದರು. ನೀರುನಾಯಿಗೆ ಬೆಳಗಿನ ಊಟವೇ ಮೀನು, ಅದರ ತಟ್ಟೆಗೆ ನಾನು ಕೈ ಹಾಕುವುದಿಲ್ಲ ಎಂದು ಸಾರಿ, ಗಾಳವನ್ನು ಗೆಳೆಯರೊಬ್ಬರ ಹೊಲದ ಕೃಷಿಹೊಂಡಕ್ಕೆ ವರ್ಗಾಯಿಸಿದರು.

ಆ ಹೊಂಡದಲ್ಲಿ ರೋಹು ಮತ್ತು ಕಾಟ್ಲಾ ಮರಿಗಳನ್ನು ಬಿಟ್ಟಿದ್ದರು. ಮರಿಗಳು ದೊಡ್ಡವಾಗುವ ಬದಲು ಕಡಿಮೆಯಾಗುತ್ತ ಬಂದಿದ್ದವು. ಗೆಳೆಯರು ಅದಕ್ಕೆ ಕೊಕ್ಕರೆಗಳನ್ನು ಬೈಯುತ್ತಿದ್ದರು. ಮಳೆ ಜಿನುಗುತ್ತಿದ್ದ ಒಂದು ಮಧ್ಯಾಹ್ನ ಕಾಕಾ ಅವರ ಗಾಳಕ್ಕೆ ಬಿದ್ದದ್ದು ತೋಳಿನಷ್ಟು ಉದ್ದದ, ಚಪ್ಪಟೆ ತಲೆಯ, ಎಂಟು ಮೀಸೆಗಳ, ಬೂದು ಮೈಮೇಲೆ ಮೋಡ ಕವಿದಂತೆ ಕಲೆಗಳಿದ್ದ ಮುರುಗೋಡು ಎಂಬ ಕ್ಯಾಟ್‌ಫಿಶ್. ಕೊಕ್ಕರೆಗಳು ಆ ಕ್ಷಣದಲ್ಲಿ ನಿರ್ದೋಷಿಗಳೆಂದು ಸಾಬೀತಾದವು. ಕಾಕಾ ಅದನ್ನು ಬಣ್ಣದ ಬಕೆಟ್ಟಿನಲ್ಲಿ ಹಾಕಿಕೊಂಡು ನೇರವಾಗಿ ಸರ್ ಅವರ ಅಂಗಳಕ್ಕೆ ತಂದರು. ಗುರುತು ತಿಳಿಯದೆ ಇಟ್ಟುಕೊಳ್ಳುವಂತಿಲ್ಲವಲ್ಲ!

ಇಲ್ಲಿ ಕೆನಡಾದ ನಿಯಮ ತಲೆಕೆಳಗಾಯಿತು. ಸರ್ ಹೇಳಿದ್ದೇನೆಂದರೆ, ಇದು ನಮ್ಮ ನಾಡಿನ ಮುರುಗೋಡಾದರೆ ಮರಳಿ ನೀರಿಗೆ ಬಿಡಲು ಅಡ್ಡಿಯಿಲ್ಲ, ಆದರೆ ಆಫ್ರಿಕಾದ ಮುರುಗೋಡಾದರೆ ಯಾವ ಕಾರಣಕ್ಕೂ ಬಿಡಬಾರದು. ಅದು ಸಿಕ್ಕಿದ್ದನ್ನೆಲ್ಲ ತಿಂದು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ, ಕೆರೆಯಲ್ಲಿ ಬೇರೆ ಮೀನು ಉಳಿಯಗೊಡುವುದಿಲ್ಲ. ಅದನ್ನು ಸಾಕುವುದನ್ನೇ ದೇಶದಲ್ಲಿ ನಿಷೇಧಿಸಿದ್ದಾರೆ. ಅಂದರೆ ಅನುಮಾನ ಬಂದಾಗ ಬಿಡುವುದು ಅಲ್ಲಿಯ ಧರ್ಮವಾದರೆ, ಅನುಮಾನ ಬಂದಾಗ ಬಿಡದಿರುವುದು ಇಲ್ಲಿಯ ಧರ್ಮ. ಕಾಕಾ ಟೇಪು ತೆಗೆದು ಅಳೆದರು. ಅಳತೆ ದೊಡ್ಡದಿತ್ತು, ಆದರೆ ಹೊಂಡದ ಮರಿಗಳನ್ನು ಅಷ್ಟು ತಿಂದರೆ ಯಾರಾದರೂ ದೊಡ್ಡವರಾಗುತ್ತಾರೆ ಎಂದು ನನ್ನ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಸಂಶಯ ಎತ್ತಿದಳು. ಸರ್ ಭೂತಕನ್ನಡಿ ತರಲು ಒಳಗೆ ಹೋದರು. ತಲೆಬುರುಡೆಯ ಹಿಂಭಾಗದ ಎಲುಬಿನ ಆಕಾರ ನೋಡಿದರೆ ಖಚಿತವಾಗುತ್ತದೆ ಎಂದು ಒಳಗಿನಿಂದಲೇ ಕೂಗಿದರು.

ಟ್ರೌಟಿನ ವಿಚಾರದಲ್ಲಿ ನಮಗೆ ಸಮಯವಿರಲಿಲ್ಲ, ಇಲ್ಲಿ ಅದರ ತೊಂದರೆಯಿಲ್ಲ ಎಂದುಕೊಂಡು ಎಲ್ಲರೂ ನಿಶ್ಚಿಂತರಾಗಿದ್ದೆವು. ಮುರುಗೋಡು ಗಾಳಿಯನ್ನೇ ಉಸಿರಾಡಬಲ್ಲದು, ಮೈ ಒದ್ದೆಯಿದ್ದರೆ ನೀರಿಲ್ಲದೆಯೂ ತಾಸುಗಟ್ಟಲೆ ಬದುಕಬಲ್ಲದು. ಅದೇ ಕಾರಣಕ್ಕೆ ಅದು ನೆಲದ ಮೇಲೂ ಹೋಗಬಲ್ಲದು ಎಂಬ ಮುಂದಿನ ಪಾಠವನ್ನು ಸರ್ ಇನ್ನೂ ಮಾಡಿರಲಿಲ್ಲ. ಬಕೆಟ್ಟು ಧಡಕ್ಕನೆ ಉರುಳಿತು. ಮಳೆಯಲ್ಲಿ ನೆನೆದ ಅಂಗಳದ ಮೇಲೆ ಆ ಮೀನು ಎರಡು ಪಕ್ಕದ ಮುಳ್ಳುಗಳನ್ನು ಊರಿಕೊಂಡು, ಮೈ ಬಳುಕಿಸುತ್ತ, ತುಳಸಿಕಟ್ಟೆಯನ್ನು ಬಲಕ್ಕೆ ಬಿಟ್ಟು, ಯಾರೋ ದಾರಿ ಹೇಳಿಕೊಟ್ಟವರಂತೆ ಗಟಾರದ ಕಡೆಗೆ ಹೊರಟಿತು. ಆ ಗಟಾರ ಸೇರುವುದು ಹಳ್ಳವನ್ನು, ಹಳ್ಳ ಸೇರುವುದು ಹೊಳೆಯನ್ನು. ಭೂತಕನ್ನಡಿ ಹಿಡಿದು ಹೊರಬಂದ ಸರ್, “ಬಿಡಬೇಡಿ, ಬಿಡಬೇಡಿ” ಎಂದು ಚೀರಿದ ರೀತಿಗೆ ಪಕ್ಕದ ಬೀದಿಯವರು ಕಳ್ಳನೆಂದು ತಿಳಿದು ಬಡಿಗೆ ತಂದರು. ಕಾಕಾ ಎರಡು ಕೈಯಿಂದ ಹಿಡಿದರು, ಜಾರಿತು. ನಾನು ಕಾಲು ಅಡ್ಡ ಇಟ್ಟೆ, ಅದು ಕಾಲಿನ ಮೇಲೆಯೇ ಹಾದುಹೋಯಿತು.

ಸಂತೆ ಮುಗಿಸಿ ಬುಟ್ಟಿ ಹೊತ್ತು ಮನೆಗೆ ಹೋಗುತ್ತಿದ್ದ ಮೀನಿನ ಅವ್ವ ಗೇಟಿನ ಬಳಿ ಒಂದು ಕ್ಷಣ ನಿಂತು ಈ ಪಂಡಿತರ ಸಭೆಯನ್ನು ನೋಡಿದಳು. ಬುಟ್ಟಿ ಇಳಿಸಿ, ಒಲೆಯ ಬೂದಿಯ ಡಬ್ಬಿಯಿಂದ ಒಂದು ಹಿಡಿ ಬೂದಿ ಅಂಗೈಗೆ ಸವರಿಕೊಂಡು, ಮುಳ್ಳಿಗೆ ಸಿಗದಂತೆ ತಲೆಯ ಹಿಂದೆ ಒತ್ತಿ ಹಿಡಿದು ಎತ್ತಿಯೇ ಬಿಟ್ಟಳು. ಇದು ಯಾವ ದೇಶದ್ದು ಎಂದು ಸರ್ ಏದುಸಿರು ಬಿಡುತ್ತ ಕೇಳಿದರು. “ಕೊಯ್ದರ ತಿಳೀತೈತಿ, ಮೊದಲ ಮಣೆ ತರ್ರಿ” ಎಂದಳು.

ತೀರ್ಮಾನ ಹೀಗಾಯಿತು. ಹಿಡಿದ ಕೂಲಿ ಮತ್ತು ಕೊಯ್ದ ಕೂಲಿ ಸೇರಿ ಬಾಲದ ಕಡೆಯ ಅರ್ಧ ಅವ್ವನಿಗೆ. ನಡುಭಾಗ ಕಾಕಾ ಮತ್ತು ಹೊಂಡದ ಗೆಳೆಯರಿಗೆ. ನಮಗೆ, ನೋಡಿದ ತಪ್ಪಿಗೆ, ಎರಡು ತುಂಡು. ಉಳಿದ ತಲೆಯನ್ನು, ಬುರುಡೆಯ ಎಲುಬು ಬಿಡಿಸಿ ನೋಡಿ ಲಿಖಿತವಾಗಿ ತಿಳಿಸುತ್ತೇನೆಂದು ಹೇಳಿ, ಸರ್ ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡರು. ಆ ಡಬ್ಬಿ ಅವರ ಮನೆಯ ಉಪ್ಪಿನಕಾಯಿಯದೆಂದು ಅವರ ಶ್ರೀಮತಿಯವರು ಗುರುತಿಸಿದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಮೀನು ಆಫ್ರಿಕಾದ್ದೇ ಎಂಬ ವರದಿಯನ್ನು ಸರ್ ಮರುದಿನ ನಮ್ಮ ಜಗಲಿಯ ಮೇಲೆ ಕೂತು ಬರೆದುಕೊಟ್ಟರು. ಊಟಕ್ಕೂ ನಮ್ಮಲ್ಲಿಯೇ ನಿಂತರು. ಅಂದು ನಮ್ಮ ಮನೆಯಲ್ಲಿ ಬೇಳೆಸಾರು ಮಾಡಬೇಕಾಯಿತು.